ಬಸಲಿಂಗಪ್ಪ ಸರ್ ಮತ್ತು ಜಕ್ಕಲಿಯ ಎಮ್ಮೆ

ಪಕ್ಕದ ಮನೆಯ ಶಾಂತಕ್ಕ ಬೆಳಿಗ್ಗೆ ಒಂದು ಡಬ್ಬಿ ಗಿಣ್ಣ ತಂದುಕೊಟ್ಟರು. ಮುಚ್ಚಳ ತೆಗೆದರೆ ಬೆಲ್ಲ, ಏಲಕ್ಕಿ, ಅದರಡಿಯಲ್ಲಿ ಹೊಸದಾಗಿ ಈದ ಎಮ್ಮೆಯ ಹಾಲಿನ ಆ ದಪ್ಪ ವಾಸನೆ. ಯಾರಿಗಾದರೂ ಬಾಯಲ್ಲಿ ನೀರು ಬರಬೇಕು. ನನಗೆ ಬಂದದ್ದು ಸಿಟ್ಟು. ಶಾಂತಕ್ಕ ನನ್ನ ಮುಖ ನೋಡಿ, "ಯಾಕವಾ, ಗಿಣ್ಣ ಸೇರೂದಿಲ್ಲೇನ?" ಎಂದರು. "ಸೇರತೈತ್ರಿ. ಗಿಣ್ಣದ ಮ್ಯಾಲ ಏನೂ ಸಿಟ್ಟಿಲ್ಲ" ಎಂದೆ. ಅವರಿಗೆ ಏನೂ ತಿಳಿಯಲಿಲ್ಲ, ಪಾಪ. ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತು ಹಾಕಿಯೇ ಹೇಳಬೇಕು. ಸಿಟ್ಟು ಇರುವುದು ಒಬ್ಬ ಮನುಷ್ಯನ ಮೇಲೆ. ಆ ಮನುಷ್ಯ ಈಗ ಇಲ್ಲ. ಇಲ್ಲದವರ ಮೇಲಿನ ಸಿಟ್ಟನ್ನು ಇಳಿಸಿಕೊಳ್ಳುವುದು ಹೇಗೆ ಎಂದು ನನಗಿನ್ನೂ ಗೊತ್ತಾಗಿಲ್ಲ.

ರೋಣದಲ್ಲಿ ನಮ್ಮದೊಂದು ಸಣ್ಣ ರೇಡಿಯೋ ಇದೆ. ಸಣ್ಣದು ಎಂದರೆ ಖರೇ ಸಣ್ಣದು. ಎರಡು ಕೋಣೆ, ಒಂದು ಕಂಬ. ಸುತ್ತಲಿನ ಹಳ್ಳಿಗಳಿಗೆ ಕೇಳುತ್ತದೆ, ಅದರಾಚೆ ಬರೀ ಸರ್ರಗುಟ್ಟುತ್ತದೆ. ಬಸಲಿಂಗಪ್ಪ ಸರ್ ದೊಡ್ಡ ಊರಿನ ದೊಡ್ಡ ರೇಡಿಯೋದಲ್ಲಿ ಉದ್ಘೋಷಕರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ನರಗುಂದಕ್ಕೆ ಕೊಟ್ಟ ಮಗಳು ತನ್ನ ಮನೆಗೇ ಬಂದಿರಲು ಕರೆದರೆ, "ಅಲ್ಲಿ ನಂದೇನು ಕೆಲಸ?" ಎಂದು ಹುಟ್ಟಿದೂರು ರೋಣಕ್ಕೆ ಬಂದು, ನಮ್ಮ ರೇಡಿಯೋವನ್ನು ಮೈಮೇಲೆ ಹಾಕಿಕೊಂಡರು. ಅದರ ಜೊತೆಗೆ ನನ್ನನ್ನೂ.

ನಾನು ಆಗ ನರೇಗಲ್ಲಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿ. ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ತಟ್ಟೆಗಳು ಮನೆ ತುಂಬ ಇದ್ದವು. ಅಷ್ಟೇ ಸೊಕ್ಕೂ ಇತ್ತು. ಮೊದಲ ದಿನ ಮೈಕಿನ ಮುಂದೆ ಕೂತು, "ಆದರಣೀಯ ಶ್ರೋತೃ ಬಾಂಧವರೇ" ಎಂದೆ. ಸರ್ ಕೈ ಎತ್ತಿ ನಿಲ್ಲಿಸಿದರು.

"ಯಾರ ಅವರು?"

"ಯಾರ್ರೀ ಸರ್?"

"ಅದs, ಶ್ರೋತೃ ಬಾಂಧವರು. ನಮ್ಮ ರೋಣದಾಗ ಆ ಹೆಸರಿನವರು ಯಾರೂ ಇಲ್ಲ. ಅಲ್ಲಿ ಒಬ್ಬಾಕಿ ಒಲಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಾಳ. ಆಕಿ ಜೋಡಿ ಮಾತಾಡು."

ಆಕೆಯ ಜೋಡಿ ಮಾತಾಡಲು ನನಗೆ ಒಂದು ಬೇಸಿಗೆಯೇ ಬೇಕಾಯಿತು. ಅದೂ ಎಂಥ ಬೇಸಿಗೆ! ಫ್ಯಾನಿನ ಸದ್ದು ಮೈಕಿಗೆ ಬರುತ್ತದೆಂದು ಸರ್ ಫ್ಯಾನ್ ಹಚ್ಚಲು ಬಿಡುತ್ತಿರಲಿಲ್ಲ. ಕಿಟಕಿಗೆ ಗೋಣಿಚೀಲ. ಒಳಗೆ ನಾನು ಬೆವರಿನಲ್ಲಿ ತೊಯ್ದು, "ನಾಳೆ ವಿದ್ಯುತ್ ವ್ಯತ್ಯಯ" ಎಂಬ ಒಂದೇ ಸಾಲನ್ನು ಹತ್ತಾರು ಸಲ ಓದುತ್ತಿದ್ದೆ. ಹೊರಗೆ ಅವರು ಹೆಡ್‌ಫೋನ್ ಹಾಕಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. "ವ್ಯತ್ಯಯ ಅಂದ್ರ ಯಾರಿಗೆ ತಿಳೀತೈತಿ? ಕರೆಂಟ್ ಹೋಗತೈತಿ ಅನ್ನು. ಮತ್ತ ಅನ್ನೂ ಮುಂದ ಕರೆಂಟ್ ಹೋದಾಕಿ ಹಂಗ ಅನ್ನು. ನಿನಗೇನು ಖುಷಿ ಆಗೇತೇನ?" ಮನೆಗೆ ಹೋಗಿ ಅವ್ವನ ಮುಂದೆ, "ನಾಳಿಂದ ಹೋಗೂದಿಲ್ಲ" ಎನ್ನುತ್ತಿದ್ದೆ. ಮರುದಿನ ಮತ್ತೆ ಬಸ್ ಹತ್ತುತ್ತಿದ್ದೆ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಅದುವರೆಗೆ ಯಾರೂ ಕೇಳಿರಲಿಲ್ಲ ನೋಡಿ. ಬೈಯಿಸಿಕೊಳ್ಳುವುದರಲ್ಲೂ ಒಂದು ರುಚಿ ಇತ್ತು.

ಇಂಥ ಮನುಷ್ಯನಿಗೆ ಕಿವಿ ಹೋಗತೊಡಗಿತು.

ಮೊದಮೊದಲು ನಮಗೆ ತಿಳಿಯಲೇ ಇಲ್ಲ. ರಜೆ ಕೇಳಿದರೆ ಕೇಳಿಸುತ್ತಿರಲಿಲ್ಲ. ಅದು ಎಲ್ಲ ಸಾಹೇಬರಿಗೂ ಇರುವ ರೋಗ ಎಂದುಕೊಂಡೆವು. ಆಮೇಲೆ, "ಸರ್ರ, ಚಹಾ ತರಿಸ್ಲೇನ್ರಿ?" ಎಂದರೆ, "ಇಲ್ಲ, ನಾಳೆ ಸೋಮಾರ" ಎನ್ನತೊಡಗಿದರು. ಹೆಡ್‌ಫೋನಿನ ಧ್ವನಿ ಎಷ್ಟು ಏರಿತೆಂದರೆ, ಅವರ ಕಿವಿಯೊಳಗಿನ ಹಾಡನ್ನು ನಾವು ಬಾಗಿಲ ಹೊರಗೆ ನಿಂತು ಕೇಳಬಹುದಿತ್ತು. ಗದಗಿನ ದವಾಖಾನಿಗೆ ಹೋಗೋಣ, ಕಿವಿಗೆ ಮಷೀನ್ ಹಾಕಿಸೋಣ ಎಂದು ನಾನು ಗಂಟು ಬಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರ ಕೇಳಿ: "ಮಷೀನಿನಾಗ ಬರೂ ಧ್ವನಿ ಮನಷ್ಯಾರ ಧ್ವನಿ ಅಲ್ಲ, ತಂಗಿ."

ಜನ್ಮವಿಡೀ ಮಷೀನಿನಲ್ಲಿ ಮಾತಾಡಿ ಅನ್ನ ತಿಂದವರು ಹೇಳುವ ಮಾತೇ ಇದು? ಹಣೆ ಹಣೆ ಬಡಿದುಕೊಂಡೆ. ಅದು ಕಣ್ಣಿಗೆ ಕಂಡಿತು, ಅದಕ್ಕೆ ನಕ್ಕರು.

'ಸಂಜಿ ಮಾತು' ಎಂಬ ಕಾರ್ಯಕ್ರಮವನ್ನು ಅವರೇ ನಡೆಸುತ್ತಿದ್ದರು. ಹಳ್ಳಿಯವರು ಫೋನ್ ಮಾಡಿ ಮನೆಯ ಸುದ್ದಿ ಹೇಳಬೇಕು. ಮಗ ಪಾಸಾದದ್ದು, ಸೊಸೆ ಹಡೆದದ್ದು, ಕಡಲೆ ಬೆಳೆಗೆ ಹುಳ ಬಿದ್ದದ್ದು. ಇವರು ನಾಲ್ಕು ಮಾತಾಡಿ ಒಂದು ಹಾಡು ಹಾಕಬೇಕು. ಎಲ್ಲವೂ ನೇರ ಪ್ರಸಾರ. ಒಂದು ಸಂಜೆ ಜಕ್ಕಲಿಯಿಂದ ಸಂಗವ್ವ ಎಂಬ ಹೆಂಗಸು ಫೋನ್ ಮಾಡಿದಳು. ಎರಡು ಕೋಣೆಗಳ ನಡುವಿನ ಗಾಜಿನ ಈಚೆ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. "ಸರ್ರ, ನಮ್ಮ ಎಮ್ಮಿ ಹೋತ್ರಿ" ಎಂದಳು. ಮುಂದೆ ಮಾತು ಬರದೆ ಬಿಕ್ಕತೊಡಗಿದಳು.

ಸರ್ ಮುಖ ಅರಳಿತು. "ಎಮ್ಮಿ ಈತೇನವಾ! ಭಾಳ ಚಲೋ ಆತು! ನೋಡ್ರಿ, ಸಂಗವ್ವಗ ಖುಷಿಗೆ ನಗಿ ತಡಕೊಳ್ಳಾಕ ಆಗವಲ್ದು. ಕರ ಹೆಣ್ಣೋ ಗಂಡೋ?"

ನಾನು ಎದ್ದು ನಿಂತು ಎರಡೂ ಕೈ ಬೀಸಿದೆ. ಬೇಡ, ನಿಲ್ಲಿಸಿರಿ ಎಂದು.

"ಇಲ್ಲಿ ನಮ್ಮ ತಂಗಿನೂ ಖುಷೀಲೆ ಕೈ ಬೀಸಾಕತ್ತಾಳ. ಸಂಗವ್ವಾ, ಗಿಣ್ಣ ಮಾಡಿದ್ರ ರೇಡಿಯೋದವರನ್ನ ಮರೀಬ್ಯಾಡ ಮತ್ತ. ಕೇಳಾವ್ರೆಲ್ಲಾ ಜಕ್ಕಲಿಗೆ ಬರ್ರಿ, ಸಂಗವ್ವನ ಮನ್ಯಾಗ ಗಿಣ್ಣ ಐತಿ!"

ಆ ಕಡೆ ಫೋನ್ ಇಟ್ಟ ಸದ್ದು. ಸರ್ ಒಂದು ಕುಣಿಯುವ ಹಾಡು ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಹೇಳಿದರೆ ನಂಬಲಿಲ್ಲ. ರೆಕಾರ್ಡಿಂಗ್ ಹಚ್ಚಿ ಕೊಟ್ಟೆ. ಧ್ವನಿಯನ್ನು ಪೂರ್ತಿ ಏರಿಸಿ, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಕೇಳಿದರು. "ಹೋತು ಅಂದಾಳ" ಎಂದರು. ಮೂರನೆಯ ಸಲ ಕೇಳಿ, "ಆಕಿ ಅಳಾಕತ್ತಾಳ" ಎಂದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ಕೂತರು. ಅವರನ್ನು ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನಾನು ನುಂಗಿಕೊಂಡೆ. ಅದೂ ಒಂದು ಸಿಟ್ಟೇ. ಬೈಯುವ ಹಕ್ಕು ನನಗೆ ಪೂರ್ತಿ ಇದ್ದ ಒಂದೇ ಒಂದು ದಿನ, ಬೈಯಲಾಗದಂತೆ ಮುಖ ಮಾಡಿಕೊಂಡು ಕೂತುಬಿಟ್ಟರು.

ಮರುದಿನ ಸಂಗವ್ವನ ಮಗ ಫೋನ್ ಮಾಡಿದ. "ನಮ್ಮವ್ವ ನಿನ್ನಿಯಿಂದ ಹೊರಗ ಬಂದಿಲ್ರಿ. ನಾ ನೀರಿಗೆ ಹೋದ್ರ ಗಿಣ್ಣ ಕೇಳತಾರ. ನರೇಗಲ್ಲಿನ ನಮ್ಮ ಬೀಗರು ಡಬ್ಬಿ ಹಿಡಕೊಂಡs ಬಂದಿದ್ರು. ಎಮ್ಮಿ ಹುಗದ ಮಣ್ಣ ಇನ್ನೂ ಹಸೀ ಐತ್ರಿ, ಹಿಂಗ ಮಾಡೂದೇನ್ರಿ ನೀವು?" ಅದನ್ನೆಲ್ಲ ಚೀಟಿಯಲ್ಲಿ ಬರೆದು ಸರ್ ಮುಂದಿಟ್ಟೆ.

ಸರ್, "ನಡಿ, ಜಕ್ಕಲಿಗೆ ಹೋಗೂಣು" ಎಂದರು. ಬಸ್ಸಿನಲ್ಲಿ ಏನು ಹೇಳಬೇಕೆಂದು ತಾಲೀಮು ನಡೆಸಿದರು. ಕಿವಿ ಕೇಳದವರ ಪಿಸುಮಾತು ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. "ತಂಗೆವ್ವಾ, ನಂದು ತಪ್ಪಾತು" ಎಂದು ಅವರು ನನ್ನ ಕಡೆ ತಿರುಗಿ ಅನ್ನುವಾಗ ಇಡೀ ಬಸ್ಸು ಹೊರಳಿ ನೋಡುತ್ತಿತ್ತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು, "ಇಷ್ಟ ವಯಸ್ಸಿನಾಂವ ಕೇಳಾಕತ್ತಾನ, ಮಾಫ್ ಮಾಡಿಬಿಡವಾ" ಎಂದು ನನಗೇ ಬುದ್ಧಿ ಹೇಳಿದಳು. ಜಕ್ಕಲಿ ಬಂದರೆ ಸಾಕಾಗಿತ್ತು.

ಸಂಗವ್ವನ ಮನೆಯ ಮುಂದೆ ಗೂಟ ಹಾಗೇ ಇತ್ತು, ಹಗ್ಗವನ್ನು ಅದಕ್ಕೇ ಸುತ್ತಿಟ್ಟಿದ್ದರು. ಮೂಲೆಯಲ್ಲಿ ತಿನ್ನುವವರಿಲ್ಲದ ಕಣಕಿ ಮೇವು. ಗಟ್ಟಿ ಹೆಣ್ಣು ಸಂಗವ್ವ. ಕಟ್ಟೆಯ ಮೇಲೆ ಕೂತಿದ್ದಳು, ನಮಗೆ ಕೂಡ್ರಿ ಎನ್ನಲಿಲ್ಲ. ಸರ್ ಕೈ ಮುಗಿದು, ತಾಲೀಮು ಮಾಡಿದ್ದನ್ನೆಲ್ಲ ದೊಡ್ಡ ಧ್ವನಿಯಲ್ಲಿ ಹೇಳಿದರು.

"ಒದರಬ್ಯಾಡ್ರಿ" ಎಂದಳು ಸಂಗವ್ವ. "ನನಗ ಕಿವಿ ಕೇಳತಾವ."

ಓಣಿಯವರು ಒಬ್ಬೊಬ್ಬರೇ ಬಂದು ನಿಂತರು. ಸಂಗವ್ವ ನಿಧಾನಕ್ಕೆ ಮಾತಾಡಿದಳು. ಎಮ್ಮೆ ಬರೀ ಎಮ್ಮೆಯಾಗಿರಲಿಲ್ಲವಂತೆ. ಅದರ ಹಾಲು ಮಾರಿಯೇ ಮಗನನ್ನು ಸಾಲಿ ಕಲಿಸಿದ್ದಳಂತೆ. ಅದು ಸತ್ತ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಯಾರ ಮುಂದಾದರೂ ಹೇಳಿಕೊಳ್ಳಬೇಕು ಅನ್ನಿಸಿತಂತೆ. ದಿನಾ ರೊಟ್ಟಿ ಬಡಿಯುವಾಗ ಒಂದು ಧ್ವನಿ ತನ್ನ ಜೋಡಿ ಮಾತಾಡುತ್ತದಲ್ಲ, ಅದಕ್ಕೇ ಹೇಳೋಣ ಅಂತ ಫೋನ್ ಹಚ್ಚಿದಳಂತೆ. "ನೀವು ನನ್ನ ಮನಿಗೆ ಬಂದು ತಪ್ಪಾತು ಅಂದ್ರ ನಾನೊಬ್ಬಾಕಿ ಕೇಳಿದೆ. ನೀವು ನಕ್ಕದ್ದು ಊರೆಲ್ಲಾ ಕೇಳೇತಿ. ರೇಡಿಯೋದಾಗ ನಕ್ಕೀರಿ, ರೇಡಿಯೋದಾಗs ಹೇಳ್ರಿ. ನಿಮಗ ಕಿವಿ ಕೇಳೂದಿಲ್ಲ ಅಂತ ಹೇಳ್ರಿ."

"ಆಂ?" ಎಂದರು ಸರ್, ಎಡಗಿವಿ ಮುಂದೆ ಮಾಡಿ. ನನ್ನ ಕಡೆ ನೋಡಿದರು. "ಏನಂದಳು?"

ಹೇಳುವವಳು ನಾನೇ ಆಗಬೇಕಾಯಿತು. ಅಷ್ಟು ಜನರ ಮುಂದೆ, ನನಗೆ ಮಾತು ಕಲಿಸಿದವರ ಕಿವಿಗೆ ಬಾಯಿ ಇಟ್ಟು, ಓಣಿಗೆಲ್ಲ ಕೇಳುವಂತೆ ಒದರಿದೆ: "ನಿಮಗ ಕಿವಿ ಕೇಳೂದಿಲ್ಲ ಅಂತ ರೇಡಿಯೋದಾಗ ಹೇಳಬೇಕಂತ್ರೀ!"

ಈ ಸಲ ಕೇಳಿಸಿತು.

ರೋಣಕ್ಕೆ ಬಂದೆವು. ನಮ್ಮ ರೇಡಿಯೋದ ಕಾರ್ಯದರ್ಶಿ, ಲೆಕ್ಕಾಚಾರದ ಮನುಷ್ಯ, ಒಂದು ಉಪಾಯ ತೆಗೆದರು. "ತಾಂತ್ರಿಕ ತೊಂದರೆ ಆಗಿತ್ತು ಅಂದುಬಿಡ್ರಿ. ಎಲ್ಲಾರೂ ಹಂಗs ಅಂತಾರ. ಕಿವಿ ಕೇಳೂದಿಲ್ಲ ಅಂದ್ರ ನಾಳೆ ನಿಮ್ಮ ಕಡೆ ಯಾರು ಫೋನ್ ಮಾಡತಾರ?" ನನಗೂ ಅದೇ ಸರಿ ಎನಿಸಿತು. ಜೋರಾಗಿ ಹಾಗೆಂದೆ. ಸರ್ ಕೇಳಿಸಿಕೊಂಡರೋ, ಕೇಳದವರಂತೆ ಮಾಡಿದರೋ, ಅವರ ಹಣೆಬರಹ ಅವರಿಗೇ ಗೊತ್ತು.

ಸಂಜೆ ಮೈಕಿನ ಮುಂದೆ ಕೂತರು. ನಮಸ್ಕಾರವನ್ನೂ ಹೇಳಲಿಲ್ಲ. "ಜಕ್ಕಲಿ ಸಂಗವ್ವನ ಎಮ್ಮಿ ಹೋಗೇತಿ. ಹೋತು ಅಂತ ಆಕಿ ಅತ್ತಳು. ಈತು ಅಂತ ನಾ ಕೇಳಿ ನಕ್ಕೆ. ಮಷೀನಿಗೆ ಏನೂ ಆಗಿಲ್ಲ. ನನ್ನ ಕಿವಿ ಹೋಗ್ಯಾವ. ಎರಡು ವರ್ಷಾತು, ನಾಚಿಕಿಗೆ ಯಾರ ಮುಂದೂ ಹೇಳಿಲ್ಲ. ಸಂಗವ್ವನ ಮನಿಗೆ ಗಿಣ್ಣಕ್ಕ ಹೋದವ್ರು ಈಗ ಒಂದ ಸಲ ಮಾತಾಡಿಸಿ ಬರ್ರಿ. ಇನ್ನ ಮ್ಯಾಲ ನಿಮ್ಮ ಫೋನ್ ನಮ್ಮ ತಂಗಿ ಕೇಳತಾಳ. ನನಗಿಂತ ಚಲೋ ಕೇಳತಾಳ." ಎದ್ದು ಬಂದು ನನ್ನನ್ನು ಒಳಗೆ ತಳ್ಳಿದರು. ತಾಲೀಮಿಲ್ಲ, ಒಂದು ಮುನ್ಸೂಚನೆಯಿಲ್ಲ. ಇವರ ಕೆಲಸವೆಲ್ಲ ಹೀಗೇ! ಹೆಡ್‌ಫೋನ್ ಹಾಕಿಕೊಂಡು ನಾನು ಕೂತೆ. ಆ ಹೊಗಳಿಕೆಯನ್ನು ನನ್ನ ಮುಖಕ್ಕೆ ಅವರು ಎಂದೂ ಹೇಳಿರಲಿಲ್ಲ.

ಫೋನ್ ಬಡಿಯಿತು. ಎತ್ತಿದೆ.

"ಹಲೋ!" ಕಿವಿ ತಮಟೆ ಹರಿಯುವಂತೆ ಒಂದು ಧ್ವನಿ. "ಸರ್ರ! ನಾ ಜಕ್ಕಲಿ ಸಂಗವ್ವ್ರೀ! ಈಗ ಕೇಳಾಕತ್ತೇತೇನ್ರೀ?"

ಗಾಜಿನ ಆಚೆ ನಿಂತಿದ್ದ ಸರ್ ಕಡೆ ನೋಡಿದೆ. ಮೇಲಿನ ಸ್ಪೀಕರಿನಿಂದ ಬಂದ ಆ ಕೂಗು ಅವರಿಗೆ ಮುಟ್ಟಿತ್ತು. ಧೋತರದ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಕೇಳಾಕತ್ತೇತಿ ಎಂದು ಕೈ ಮಾಡಿದರು.

ಅವತ್ತಿನಿಂದ ನೋಡಿ ನನ್ನ ಗ್ರಹಚಾರ. ಫೋನ್ ಕೇಳುವವಳು ನಾನು, ನನ್ನ ಕಿವಿ ನೆಟ್ಟಗಿವೆ. ಆದರೂ ಇಡೀ ತಾಲೂಕು ಸರ್ ಅವರಿಗಾಗಿ ಒದರತೊಡಗಿತು. ಮಗ ಪಾಸಾದನೆಂದು ಒದರಿದರು, ಸೊಸೆ ಹಡೆದಳೆಂದು ಒದರಿದರು. ಅಣ್ಣತಮ್ಮಂದಿರ ವ್ಯಾಜ್ಯದ ಗುಟ್ಟನ್ನೂ ಒದರಿಯೇ ಹೇಳಿದರು. ಕಡೆಗೆ ಸರ್‌ಗೇ ಮುಜುಗರವಾಗಿ, ಮಗಳ ಜೋಡಿ ಹೋಗಿ ಮಷೀನ್ ಹಾಕಿಸಿಕೊಂಡು ಬಂದರು. ಬಂದವರೇ ನನ್ನ ಕಾರ್ಯಕ್ರಮ ಕೇಳಿದರು. ಮುಖ ಗಂಟಿಕ್ಕಿದರು. "ಇಷ್ಟ ದಿವಸ ನೀ ಹಿಂಗ ಉಸುರು ಎಳಕೋತ ಮಾತಾಡತಿದ್ದೇನ? ನನಗ ಯಾರೂ ಹೇಳಲೇ ಇಲ್ಲಲ್ಲ!" ಎಂದರು. "ಮಷೀನ್ ತಗದ ಇಡ್ರಿ ಸರ್ರ" ಎಂದೆ. ಹಾಗೇ ಮಾಡಿದರು ಕೂಡ: ಆಮೇಲೆ ನಾನು ವಾದಕ್ಕೆ ನಿಂತಾಗಲೆಲ್ಲ ಶಾಂತವಾಗಿ ಅದನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಎಷ್ಟೋ ಒಳ್ಳೊಳ್ಳೆಯ ವಾದಗಳು ಆ ಜೇಬಿನಲ್ಲೇ ಸತ್ತವು.

ಕೊನೆಯ ವರ್ಷ ನರಗುಂದದಲ್ಲಿ ಮಗಳ ಮನೆಯಲ್ಲಿದ್ದರು. ನಮ್ಮ ರೇಡಿಯೋ ಅಲ್ಲಿಗೆ ಕೇಳುವುದಿಲ್ಲ. ನೋಡಲು ಹೋದಾಗಲೆಲ್ಲ, "ಮಾತಾಡು, ಏನ್ ಓದಿದಿ ಈ ವಾರ?" ಎನ್ನುತ್ತಿದ್ದರು. ಮಂಚದ ಪಕ್ಕ ಕೂತು, ಕರೆಂಟ್ ಹೋಗುವುದನ್ನೂ ಜೋಳದ ದರವನ್ನೂ ಅವರಿಗೆ ಓದಿ ಹೇಳುತ್ತಿದ್ದೆ. ಅಲ್ಲೂ ತಪ್ಪು ತೆಗೆದರು. ತೀರಿಕೊಂಡ ಸುದ್ದಿಯನ್ನು ರೇಡಿಯೋದಲ್ಲಿ ನಾನೇ ಓದಿದೆ. ಹೇಗೆ ಓದಿದೆನೆಂದು ಹೇಳುವವರು ಯಾರೂ ಇರಲಿಲ್ಲ.

ಇವತ್ತು ಸಂಜೆ ಸೂಡಿಯಿಂದ ಒಬ್ಬ ಫೋನ್ ಮಾಡಿದ. ಇಪ್ಪತ್ತರ ಒಳಗಿನ ಹುಡುಗನಿರಬೇಕು. ಸರ್ ಅವರನ್ನು ಕಂಡವನಲ್ಲ, ಕೇಳಿದವನೂ ಅಲ್ಲ. "ಮೇಡಮ್ರೀ! ನಮ್ಮಕ್ಕಗ ಕೆಲಸ ಸಿಕ್ಕೇತ್ರೀ!" ಎಂದು ಗುಡ್ಡ ಬಿರಿಯುವಂತೆ ಒದರಿದ. ರೇಡಿಯೋಕ್ಕೆ ಫೋನ್ ಮಾಡಿದರೆ ಒದರಬೇಕು ಎಂದು ಅವರ ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗಿ ಕಿವಿ ಮುಚ್ಚಿಕೊಂಡು ಗಾಜಿನ ಆಚೆಯಿಂದ ಒಳಗೆ ಬಂದಳು.

"ಮೇಡಮ್, ಸಾವಕಾಶ ಮಾತಾಡ್ರಿ ಅಂತ ಒಂದ ಸಲ ಹೇಳಿಬಿಡೂಣೇನ್ರೀ? ಇವರೆಲ್ಲಾ ಹಿಂಗ್ಯಾಕ ಒದರತಾರ್ರೀ?"

"ಬ್ಯಾಡ" ಎಂದೆ. ಹೆಡ್‌ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದುಕೊಂಡು, ಸೂಡಿಯ ಆ ಹುಡುಗನಿಗೆ ಹೇಳಿದೆ: "ಕೇಳಾಕತ್ತೇತಪಾ. ಪೂರ್ತಿ ಹೇಳು."