ನುಣ್ಣಗಾದ ಚಾಸಿಸ್ ನಂಬರು

ಅಪ್ಪನ ಕಾರಿನ ಕಬ್ಬಿಣದಲ್ಲಿ ಕೊರೆದಿದ್ದ ಚಾಸಿಸ್ ನಂಬರನ್ನು ನಾನೇ ಗ್ರೈಂಡರ್ ಹಿಡಿದು ಅಳಿಸಿಹಾಕಿದೆ. ಕಳ್ಳರು ಕದ್ದ ಗಾಡಿಗೆ ಮಾಡುವ ಕೆಲಸವನ್ನು ಸ್ವಂತ ಗಾಡಿಗೆ, ಹಾಡಹಗಲೇ, ಅಮ್ಮ ತಂದಿಟ್ಟ ಕಾಫಿ ಕುಡಿಯುತ್ತ ಮಾಡಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಮಾದನಾಯಕನಹಳ್ಳಿಯ ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಅವರ ಹಳೇ ಅಂಬಾಸಿಡರ್ ತುಕ್ಕು ಹಿಡಿದು ನಿಂತಿತ್ತು. ಅದನ್ನು ಸರಿಮಾಡಿ, ಅಮ್ಮನ ಹೆಸರಿಗೆ ಮಾಡಿಸಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು ಅಂತ ನನ್ನ ಆಸೆ. ಅಪ್ಪನಿಗಾಗಿ ನಾನಿನ್ನೂ ಅತ್ತಿರಲಿಲ್ಲ. ಅಳೋಣವೆಂದು ಕೂತರೆ ಸೀಟ್ ಕವರು ಯಾವ ಬಣ್ಣದ್ದು ಹಾಕಿಸಲಿ ಎಂಬ ಯೋಚನೆ ಬರುತ್ತಿತ್ತು.

ಪೀಣ್ಯದ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಕಬ್ಬಿಣದ ಪಾರ್ಟುಗಳನ್ನು ಉಜ್ಜಿ ನುಣ್ಣಗೆ ಮಾಡುವುದು. ಬೆರಳಿಗೆ ತರಿತರಿ ಸಿಕ್ಕಿದರೆ ಬಿಡುವಂತಿಲ್ಲ. ಬಾನೆಟ್ ಒಳಗೆ, ತುಕ್ಕಿನ ಕೆಳಗೆ, ಒಂದು ಸಾಲು ತರಿತರಿ ಸಿಕ್ಕಿತು. ಬಿಡಲಿಲ್ಲ. ಗ್ರೈಂಡರ್ ಕಿರುಚುವಾಗ ತಲೆ ಖಾಲಿಯಾಗಿರುತ್ತಿತ್ತು, ಅದು ಹಿತವಾಗಿತ್ತು. ಮೇಲೆ ಎರಡು ಕೋಟು ಪೇಂಟನ್ನೂ ಹೊಡೆದೆ. ಹೆಡ್‌ಲೈಟಿಗೆ ಎಲ್‌ಇಡಿ ಹಾಕಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೆಸರು ಬದಲಾಯಿಸಲು ಆರ್‌ಟಿಓ ಏಜೆಂಟು ಬಂದ. ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ, ಆ ಕಾಗದವನ್ನು ಅರ್ಜಿಗೆ ಅಂಟಿಸಬೇಕು. ಅವನು ಉಜ್ಜಿದ. ಕಾಗದವೆಲ್ಲ ಕಪ್ಪಾಯಿತು, ಒಂದು ಸೊನ್ನೆಯೂ ಮೂಡಲಿಲ್ಲ.

"ಏನ್ ಗುರು, ಎಲ್ಲೋಯ್ತು ನಂಬರು?"

"ಅಲ್ಲೇ ಇರ್ಬೇಕು ಅಣ್ಣ, ಸರ್ಯಾಗಿ ನೋಡಿ."

"ಏನ್ ನೋಡ್ಲಿ? ನನ್ ಕೆನ್ನೆಗಿಂತ ನುಣ್ಣಗೈತೆ. ಮಗಾ, ಇದು ನಿಮ್ಮಪ್ಪಂದೇ ಗಾಡಿ ತಾನೆ?"

ನಾನು ಗ್ರೈಂಡರ್ ಕಡೆ ನೋಡಿದೆ. ಅವನೂ ನೋಡಿದ.

"ಅಯ್ಯೋ ನಿನ್ನ! ಮತ್ತೆ ನಂಬರ್ ಹೊಡಿಸ್ಬೇಕಂದ್ರೆ ಪರ್ಮಿಷನ್ ಬೇಕು, ಪೊಲೀಸ್ ಕಾಗ್ದ ಬೇಕು, ತಿಂಗಳಾನುಗಟ್ಲೆ ಓಡಾಡ್ಬೇಕು. ಅಲ್ಲೀವರ್ಗೂ ಹೆಸರೂ ಬದ್ಲಾಗಲ್ಲ, ಗಾಡಿ ರೋಡಿಗೂ ಇಳಿಸಂಗಿಲ್ಲ."

ಅವನು ಹೋದ ಮೇಲೆ ಟೂಲ್ ಬಾಕ್ಸಿನ ಮೇಲೆ ಕೂತೆ. ನಾಚಿಕೆಯಾದರೂ ಆಗಬೇಕಿತ್ತು. ಅದೂ ಆಗಲಿಲ್ಲ. ಒಳಗೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ಸುಲಿಯುವುದು ನಿಲ್ಲಲಿಲ್ಲ.

ಕೊನೆಯ ಕಾಯಿ ಮುಗಿದ ಮೇಲೆ ಸೀರೆಗೆ ಕೈ ಒರೆಸಿಕೊಂಡು ಶೆಡ್ಡಿಗೆ ಬಂದಳು. ಕಾರಿನ ಎಡಬಾಗಿಲು ತೆಗೆದು, ತಾನು ಯಾವಾಗಲೂ ಕೂರುತ್ತಿದ್ದ ಕಡೆ ಕೂತಳು. ಗಾಜಿನಾಚೆ ಶೆಡ್ಡಿನ ಗೋಡೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಗ್ಯಾಸು, ಕರೆಂಟು, ಮನೆ ಖಾತೆ... ಮೂರು ತಿಂಗಳಿಂದ ನಿಮ್ಮಪ್ಪನ ಹೆಸರು ತೆಗೆಸಿ ನನ್ನ ಹೆಸರು ಹಾಕ್ಸಿದ್ದೇ ಆಯ್ತು ಕಣೋ," ಅಂದಳು. "ಇದೊಂದ್ರಲ್ಲಾದ್ರೂ ಅವರ ಹೆಸರೇ ಇರ್ಲಿ ಬಿಡು. ಬಾ, ನೀನೂ ಕೂತ್ಕೋ."