ಮುಂದಕ್ಕೆ ನಡೆದ ನಾಟಿ

ಸ್ನೇಹಿತರೇ, ನನ್ನ ವಿಡಿಯೊ ನೋಡುವವರು ಇಷ್ಟುದ್ದ ಓದುವುದಿಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಇವತ್ತು ರವಿವಾರ. ಗೊರೇಬಾಳದಲ್ಲಿ ಅಕ್ಕನ ಗುಂಪು ಭತ್ತದ ನಾಟಿ ಮಾಡುತ್ತಿದ್ದ ಗದ್ದೆಗೆ ನಾನೂ ಇಳಿದೆ. ಸಿಂಧನೂರಿನಲ್ಲಿ ನಾನು ಶಾಲೆಯ ಟೀಚರ್. ಮೊಬೈಲಿನಲ್ಲಿ ಮಾತ್ರ ರೈತ ಮಹಿಳೆ. ಅಂಗಡಿಯೊಂದು ಪುಕ್ಕಟೆ ಕಳಿಸಿದ ಸೀರೆ ಉಟ್ಟಿದ್ದೆ. ಉಳಿದ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಂದಿರ ಹಳೆ ಅಂಗಿ ತೊಟ್ಟಿದ್ದರು.

"ನೀನೂ ಒಂದು ಅಂಗಿ ಹಾಕ್ಕೊ, ಸೀರಿ ಕೆಸರಾಗ್ತದ," ಅಂದಳು ಅಕ್ಕ.

"ಅಂಗಿ ಹಾಕ್ಕೊಂಡ್ರ ಸೀರಿ ಕಾಣಂಗಿಲ್ಲಕ್ಕಾ. ಕಾಣಲಿ ಅಂತನ ಕೊಟ್ಟಾರ."

ಮೊಬೈಲನ್ನು ಬದುವಿನ ಮೇಲೆ ನಿಲ್ಲಿಸಿ ಸಸಿ ಹಚ್ಚತೊಡಗಿದೆ. ನಾಟಿ ಮಾಡುವವರು ಹಿಂದಕ್ಕೆ ಸರಿಯುತ್ತಾ ಹೋಗಬೇಕು, ಇಲ್ಲದಿದ್ದರೆ ಹಚ್ಚಿದ್ದನ್ನೇ ತುಳಿಯುತ್ತೇವೆ. ಹತ್ತನೇ ತರಗತಿಯವರೆಗೂ ಅಕ್ಕನ ಪಕ್ಕದಲ್ಲೇ ನಾಟಿ ಮಾಡಿದ ನನಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಹಿಂದಕ್ಕೆ ಸರಿದರೆ ವಿಡಿಯೊದಲ್ಲಿ ಮುಖ ಸಣ್ಣದಾಗುತ್ತದೆ. ನಾನು ಮೊಬೈಲಿನ ಕಡೆಗೇ ನಡೆದೆ.

ತಿರುಗಿ ನೋಡಿದರೆ ಅಕ್ಕ, ನಾನು ತುಳಿದ ಸಸಿಗಳನ್ನು ಎತ್ತಿ ಎತ್ತಿ ಮತ್ತೆ ಹಚ್ಚುತ್ತಿದ್ದಳು.

"ನಿನ್ನ ಕೆಲಸ ಮುಗಿದಿದ್ರ ಮ್ಯಾಲ ಹತ್ತು ಬೇ," ಅಂದಳು. "ನಾವು ನಾಟಿ ಹಚ್ಚಬೇಕು."

ಮನೆಗೆ ಬಂದು, ಅಕ್ಕ ಕಾಣುವಷ್ಟನ್ನು ಕತ್ತರಿಸಿ ತೆಗೆದು ವಿಡಿಯೊ ಹಾಕಿದೆ. 'ಟೀಚರ್, ನೀವೇ ನಿಜವಾದ ಮಣ್ಣಿನ ಮಗಳು' ಎಂದು ಯಾರೋ ಬರೆದರು. ಅಲ್ಲ ಎಂದು ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಸೀರೆ ಅಂಗಡಿಯವರು ಆ ಮಾತಿಗೆ ಹಾರ್ಟ್ ಒತ್ತಿದರು. ಸುಸ್ತಾಗಿತ್ತು; ನಾನೂ ಒತ್ತಿದೆ.