ಮೂಲೆ ಹರಿದ ಕಾರ್ಡು

ಹೋದ ವಾರ ಪೆಟ್ಟಿಗೆಯ ತಳದಲ್ಲಿದ್ದ ಒಂದು ಸಣ್ಣ ರಜಾಯಿಯನ್ನು ತೆಗೆದು ಬಿಸಿಲಿಗೆ ಹರಡಿದೆ. ಸ್ವಲ್ಪ ಹೊತ್ತಿಗೆ ಹತ್ತಿ ಕಾದು, ಹಳೇ ಬಟ್ಟೆಯ ಜೊತೆಗೆ ಒಣಬೇವಿನ ವಾಸನೆ ಮೇಲೆದ್ದಿತು. ಎಳೆಗೂಸಿಗೆ ಹೊದಿಸುವ ಅಳತೆಯ ರಜಾಯಿ ಅದು. ಮೊಮ್ಮಗಳು ಅದನ್ನು ಕೈಗೆತ್ತಿಕೊಂಡು, "ಇದನ್ನ ಹೊಲಿದವರಿಗೆ ಹೊಲಿಗೇನೇ ಬರ್ತಿರಲಿಲ್ವಾ ಅಜ್ಜಿ? ಒಂದು ಕಡೆ ಬೆರಳಗಲ, ಒಂದು ಕಡೆ ಇರುವೆ ಸಾಲು" ಅಂದಳು. ನನಗೆ ಸುರ್ರೆಂದು ಸಿಟ್ಟು ಬಂತು. ಆಗಿನ ಹುಣಸೂರಿನಲ್ಲಿ ಹಾಗೆ ಹೊಲಿಯುವ ಕೈ ಇನ್ನೊಂದಿರಲಿಲ್ಲ. ಆದರೆ ಹುಡುಗಿ ಹೇಳಿದ್ದೂ ಸುಳ್ಳಲ್ಲ…

ಹೊಲಿದವರು ನಮ್ಮ ಎದುರುಮನೆಯವರು. ಅವರ ಮಗಳ ಗೆಳತಿಯರೆಲ್ಲ ಕರೆಯುವಂತೆ ನಾನೂ ಖಾಲಾ ಎನ್ನುತ್ತಿದ್ದೆ. ಅವರ ಗಂಡ ಗಾಡಿಯ ಚಕ್ರ ಮಾಡುವ ಕಸುಬಿನವರು. ಖಾಲಾ ಮನೆಯಲ್ಲೇ ಕೂತು ಮದುವೆಯ ರಜಾಯಿ, ಬಾಣಂತಿಯ ಹಾಸಿಗೆ, ಕೂಸಿನ ಹೊದಿಕೆ ಹೊಲಿದುಕೊಡುತ್ತಿದ್ದರು. ಹತ್ತಿ ತುಂಬಿದ ಮೇಲೆ ಕಣ್ಣು ಮುಚ್ಚಿ ಅಂಗೈಯನ್ನು ಮೇಲಿಂದ ಕೆಳಗೆ ಒಮ್ಮೆ ಆಡಿಸುವರು. ಎಲ್ಲಾದರೂ ಸಾಸಿವೆ ಕಾಳಿನಷ್ಟು ಗಂಟು ಸಿಕ್ಕಿದರೆ ಮುಗಿಯಿತು, ಬಿಚ್ಚಿ ಮತ್ತೆ ಮೊದಲಿಂದ. ಅವರ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಆ ಬೀದಿಯಲ್ಲಿ ಅವರು ಗೇಲಿ ಮಾಡದ ಗಂಡಸಿರಲಿಲ್ಲ, ಅವರ ಗಂಡನನ್ನೂ ಸೇರಿಸಿ.

ಯುದ್ಧದ ಕಾಲ ಅದು. ನಾನು ಭೇರ್ಯದಿಂದ ಹುಣಸೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದು ಎರಡನೆಯ ವರ್ಷ, ಚೊಚ್ಚಲ ಬಸುರಿ. ನಮ್ಮಪ್ಪ ಮೇಷ್ಟರಾಗಿದ್ದರಿಂದ ನನಗೆ ಓದು ಬರಹ ಬರುತ್ತಿತ್ತು. ಬೀದಿಯ ಹೆಂಗಸರ ಕಾಗದಗಳನ್ನು ಓದುವವಳೂ ನಾನೇ, ಬರೆಯುವವಳೂ ನಾನೇ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಒಂದು ದಿನ ಖಾಲಾ ನನ್ನನ್ನು ಒಳಕ್ಕೆ ಕರೆದು ಬಾಗಿಲು ಮುಂದೆ ಮಾಡಿದರು. ನನ್ನ ಕೈ ಹಿಡಿದು ತಮ್ಮ ಎಡದ ಎದೆಯ ಪಕ್ಕ, ಕಂಕುಳಿಗೆ ಹತ್ತಿರ ಒತ್ತಿಕೊಂಡರು. ರವಿಕೆಯ ಒಳಗೆ ಹುಣಸೆ ಬೀಜದಷ್ಟು ಗಟ್ಟಿಯಾದದ್ದು ಬೆರಳಿಗೆ ತಗುಲಿತು.

"ಅತ್ತೀಲಿ ಗಂಟು ಉಡ್ಕೋ ಕೈ ಕಣ್ ಬೇಟಿ ಇದು. ಸ್ನಾನ ಮಾಡುವಾಗ ತಾನಾಗೇ ಉಡುಕ್ಬುಡ್ತು," ಅಂದರು. ನಗಲು ನೋಡಿದರು, ಆಗಲಿಲ್ಲ.

ಎರಡು ತಿಂಗಳಲ್ಲಿ ಅವರ ಒಬ್ಬಳೇ ಮಗಳ ನಿಕಾಹ್. ಹುಡುಗ ಪಿರಿಯಾಪಟ್ಟಣದ ಬಟ್ಟೆ ವ್ಯಾಪಾರಸ್ಥರ ಮನೆಯವನು. ತಾಯಿಗೆ ಇಂಥ ಕಾಯಿಲೆ ಅಂದರೆ ಮಗಳಿಗೂ ಬರುತ್ತದೆ ಎಂದು ಜನ ಮಾತಾಡುತ್ತಾರೆ, ಸಂಬಂಧ ಮುರಿದುಬೀಳುತ್ತದೆ ಎಂಬ ಭಯ ಅವರಿಗೆ. ಗಂಡನಿಗೂ ಹೇಳಿರಲಿಲ್ಲ. ನನಗೂ ಆಣೆ ಹಾಕಿಸಿದರು. ಆಗೆಲ್ಲ ಆ ಜಾಗದ ಹೆಸರನ್ನು ಹೆಂಗಸರು ಹೆಂಗಸರ ಹತ್ತಿರವೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನನಗೊಂದು ಉಪಾಯ ಹೊಳೆಯಿತು. ಮೈಸೂರಿನ ಲೇಡಿ ಡಾಕ್ಟರಿಗೆ ಒಮ್ಮೆ ಬಸುರಿ ತೋರಿಸಿಕೊಂಡು ಬರುತ್ತೇನೆ, ಖಾಲಾ ಜೊತೆಗೆ ಬರಲಿ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಸಂತೋಷವಾಗಿ ಬುತ್ತಿ ಕಟ್ಟಿಕೊಟ್ಟರು. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬಿಳಿಕೆರೆ ಏರಿಯಲ್ಲಿ ಎರಡು ಸಲ ನಿಂತು, ನಾವು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಡಾಕ್ಟರಮ್ಮ ನನ್ನನ್ನು ಎರಡು ನಿಮಿಷ ನೋಡಿ ಕಳಿಸಿದರು. ಖಾಲಾ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಗಂಟಿನ ಚೂರೊಂದನ್ನು ಕತ್ತರಿಸಿ ತೆಗೆದಿದ್ದರು. ಅದನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು, ಒಳ್ಳೆಯ ಗಂಟೋ ಕೆಟ್ಟದ್ದೋ ಆಮೇಲೆ ಗೊತ್ತಾಗುವುದು, ಹದಿನೈದು ದಿನದಲ್ಲಿ ಬರೆದು ತಿಳಿಸುತ್ತೇನೆ ಎಂದರು ಡಾಕ್ಟರಮ್ಮ. ವಿಳಾಸ ಕೇಳಿದಾಗ ನಾನು ನಮ್ಮ ಮನೆಯದನ್ನೇ, ನನ್ನ ಹೆಸರಿಗೇ ಕೊಟ್ಟೆ. ಬಹಳ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡಿದ್ದೆ.

ಊರಿಗೆ ಬಂದ ಮಾರನೆಯ ದಿನವೇ ಖಾಲಾ ನನ್ನ ಹುಟ್ಟಲಿರುವ ಕೂಸಿಗೆಂದು ಈ ರಜಾಯಿ ಹಿಡಿದರು. ಗಾಯ ಇನ್ನೂ ಮಾಗಿರಲಿಲ್ಲ. ಯಾಕೆ ಅವಸರ ಅಂದರೆ, "ಚಿಟ್ಟಿ ಬರಗಂಟ ಕೈ ಸುಮ್ನಿರಬಾರ್ದು. ಸುಮ್ನಿದ್ರೆ ಅಲ್ಲಿಗೇ ಓಯ್ತದೆ" ಅಂದರು. ಕೈ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಾಯಿತು. ದಿನಾ ಬೆಳಿಗ್ಗೆ ಕೆಲಸ ಮುಗಿಸಿ ನಮ್ಮ ಜಗುಲಿಗೆ ಬಂದು ಕೂರುವರು. ಹನ್ನೊಂದು ಗಂಟೆಗೆ ಅಂಚೆಯವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸೂಜಿ ನಿಲ್ಲುವುದು. ಅವನು ನಮ್ಮನ್ನು ದಾಟಿ ಹೋದರೆ ಮತ್ತೆ ಓಡುವುದು. ಅವರ ಮಾತು ದಿನದಿನಕ್ಕೆ ಕಮ್ಮಿಯಾಯಿತು. ಮಗುವಿನ ರಜಾಯಿ ಅವರಿಗೆ ಮೂರು ದಿನದ ಕೆಲಸ. ಆದರೆ ಹತ್ತು ದಿನವಾದರೂ ಅರ್ಧ ಆಗಿರಲಿಲ್ಲ. ಮೊದಲು ಬೆರಳಗಲ ಬಿಟ್ಟು ಹಾಕುತ್ತಿದ್ದ ಸಾಲುಗಳು ಹತ್ತಿರ ಹತ್ತಿರ ಬರತೊಡಗಿದ್ದವು.

ಹದಿನಾಲ್ಕನೆಯ ದಿನ ಅವರು ರಾವಂದೂರಿಗೆ ಯಾರದೋ ಮದುವೆಯ ರಜಾಯಿ ಕೊಡಲು ಹೋಗಿದ್ದರು. ನಾನು ಕಾಲು ಊದಿಕೊಂಡು ಒಳಗೆ ಮಲಗಿದ್ದೆ. ಎದ್ದು ಬಂದು ನೋಡಿದರೆ, ಹಬ್ಬವಿಲ್ಲ ಹರಿದಿನವಿಲ್ಲ, ಅತ್ತೆ ನಡುಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ನಿಂತಿದ್ದಾರೆ. ಸೆಕೆ ಎಂದರು. ಅಂಚೆಯವನು ಬಂದಿದ್ದನಾ ಎಂದರೆ, "ನೀ ಯಾಕವ್ವ ಬಿಸ್ಲಲ್ಲಿ ನಿಂತಿದೀಯೆ, ಒಳೀಕ್ ನಡಿ" ಎಂದು ಮುಖ ತಿರುಗಿಸಿದರು.

ಅವತ್ತಿನಿಂದ ಅತ್ತೆ ನನಗೆ ಬೇರೆ ಹೆಂಗಸಿನಂತೆ ಕಂಡರು. ಕಟ್ಟುನಿಟ್ಟಿನವರು, ಹೊಗಳಿದ್ದು ನಾನು ಕೇಳಿರಲಿಲ್ಲ. ಈಗ ತಟ್ಟೆಗೆ ಬೆಣ್ಣೆ ಹೆಚ್ಚು ಬೀಳುತ್ತಿತ್ತು. ನಾನು ನೀರು ಸೇದಲು ಹೋದರೆ ಹಗ್ಗ ಕಸಿದುಕೊಳ್ಳುವರು. ಸುಮ್ಮನೆ ನನ್ನ ಮುಖವನ್ನೇ ನೋಡುತ್ತ ಕೂರುವರು. ಖಾಲಾ ದಿನಾ ಜಗುಲಿಗೆ ಬಂದು "ಬಂತಾ?" ಅನ್ನುವರು, ನಾನು "ಇಲ್ಲ" ಅನ್ನುವೆ. ಹದಿನೈದು ಕಳೆಯಿತು, ಹದಿನಾರು, ಹದಿನೇಳು… ಖಾಲಾ ಊಟ ಬಿಟ್ಟಿದ್ದರು. ಮಗಳ ಎದುರಿಗೆ ರೋಜಾ ಉಪವಾಸ ಅನ್ನುತ್ತಿದ್ದರು.

ಹದಿನೆಂಟನೆಯ ದಿನ ನಮ್ಮ ಆಳು ಹೆಗಲ ಮೇಲೆ ಅವರೆಕಾಯಿ ಮೂಟೆ ಹೊತ್ತು ಬಂದ. ಭೇರ್ಯದಿಂದ. ನಮ್ಮಪ್ಪ ಕಳಿಸಿದ್ದು. ಇವನನ್ನು ನನ್ನ ತವರಿಗೆ ಯಾಕೆ ಕಳಿಸಿದ್ದರು ಎಂದು ನಾನು ಬೆಕ್ಕಸಬೆರಗಾಗಿ ನಿಂತಿದ್ದರೆ, ಅತ್ತೆ ಮೂಟೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಆಮೇಲೆ ನಕ್ಕರು.

"ನಿಮ್ಮಪ್ಪ ಗಟ್ಟಿಯಾಗವ್ರಂತೆ ಕಣವ್ವ, ಮುದ್ದೆ ಉಣ್ತಾ ಕುಂತಿದ್ರಂತೆ! ನಂಗೆ ಎದೆ ಒಡ್ದೋಗಿತ್ತು. ಕಾರ್ಡು ಬಂದಿತ್ತು ಕಣವ್ವ ನಿನ್ ಎಸ್ರಿಗೆ, ಮೂಲೆ ಅರ್ದಿತ್ತು. ದೀಪಾವಳಿಯಿಂದ ಅವ್ರಿಗೆ ಉಬ್ಬಸ ಅಲ್ವಾ… ಬಸ್ರಿ ಎಂಗ್ಸಿಗೆ ಎಂಗ್ ಯೋಳೋದು ಅಂತ ಬಚ್ಚಲೊಲೆಗೆ ಆಕ್ಬುಟ್ಟೆ."

ಸಾವಿನ ಸುದ್ದಿ ಬರೆದ ಕಾರ್ಡಿನ ಮೂಲೆ ಹರಿದು ಅಂಚೆಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಓದದವರೂ ಮೂಲೆ ನೋಡಿದರೆ ಸಾಕು, ತಿಳಿಯಬೇಕು. ಅಂಥದ್ದನ್ನು ಮನೆಯೊಳಗೆ ಇಡುವಂತಿಲ್ಲ, ನಾಶ ಮಾಡಿ ತಲೆಗೆ ನೀರು ಹಾಕಿಕೊಳ್ಳಬೇಕು. ಅತ್ತೆ ಚಾಚೂ ತಪ್ಪದೆ ಅಷ್ಟನ್ನೂ ಮಾಡಿದ್ದರು. ಓದಲು ಬರುತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ, ನನ್ನಿಂದಲೇ ಅದನ್ನು ಮುಚ್ಚಿಡಬೇಕಿತ್ತು. ಅವರ ಮೇಲೆ ಹೇಗೆ ಸಿಟ್ಟಾಗಲಿ? ಆದರೂ ಸಿಟ್ಟಾದೆ. ಆಣೆ ಮರೆತು ಎಲ್ಲವನ್ನೂ ಹೇಳಿಬಿಟ್ಟೆ, ಅದು ಡಾಕ್ಟರಮ್ಮನ ಕಾರ್ಡು, ಎದುರುಮನೆಯವರ ಜೀವದ ಪ್ರಶ್ನೆ ಎಂದು ಕೂಗಾಡಿದೆ.

ಖಾಲಾಗೆ ನಾನೇ ಹೋಗಿ ಹೇಳಿದೆ. ಅವರು ಕಾರ್ಡು ಸುಟ್ಟದ್ದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ಮೂಲೆ ಅರ್ದಿತ್ತಾ ಬೇಟಿ?" ಎಂದು ಮಾತ್ರ ಕೇಳಿದರು. ಡಾಕ್ಟರಮ್ಮ ಪರವೂರಿನವರು, ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅಂಚೆಚೀಲದಲ್ಲಿ ಸಿಕ್ಕಿ ಹರಿದಿರುತ್ತದೆ, ಇಲಿ ಕಡಿದಿರುತ್ತದೆ ಎಂದು ನಾನು ಒಂದೇ ಸಮನೆ ಹೇಳಿದೆ. ಹೌದೆಂದು ತಲೆಯಾಡಿಸಿದರು. ಕೈ ಮಾತ್ರ ಸೆರಗಿನ ಒಳಗೆ ಹೋಗಿ ಅಲ್ಲೇ ನಿಂತಿತ್ತು.

ಅವತ್ತೇ ಡಾಕ್ಟರಮ್ಮನಿಗೆ ಇನ್ನೊಂದು ಕಾಗದ ಬರೆದು ಹಾಕಿದೆ. ಸಂಜೆ ಅತ್ತೆ, ಒಂದು ದಿನವೂ ಆ ಮನೆಯ ಹೊಸ್ತಿಲು ತುಳಿಯದವರು, ಬೀದಿ ದಾಟಿ ಹೋಗಿ ಖಾಲಾನ ಮುಂದೆ ನಿಂತರು. ನಾನು ಹಿಂದೆಯೇ ಇದ್ದೆ.

"ನನ್ನಿಂದ ತಪ್ಪಾಯ್ತು ಕಣವ್ವ."

"ಸೊಸೆಗೋಸ್ಕರ ತಾನೆ ಸುಟ್ಟಿದ್ದು? ಬುಡಿ, ನಾನಾದ್ರೂ ಅಂಗೇ ಮಾಡ್ತಿದ್ದೆ," ಅಂದರು ಖಾಲಾ.

ಆಮೇಲಿನ ಹತ್ತು ದಿನ ಜಗುಲಿಯ ಮೇಲೆ ನಾವು ಮೂವರು. ಅತ್ತೆ ಅವರೆಕಾಯಿ ಸುಲಿಯುವರು, ಸುಲಿದದ್ದನ್ನು ಹಿತಕುವರು, ಕಾಯಿ ಮುಗಿದ ಮೇಲೆ ಸುಮ್ಮನೆ ಮೊರ ಹಿಡಿದು ಕೂರುವರು. ಖಾಲಾ ಹೊಲಿಯುವರು. ಸಾಲಿನ ಪಕ್ಕಕ್ಕೇ ಸಾಲು, ಅದರ ನಡುವೆ ಮತ್ತೊಂದು. ಬಟ್ಟೆ ಹಲಗೆಯಂತೆ ಬಿರುಸಾಗತೊಡಗಿತು. ಇಷ್ಟು ಹೊಲಿದರೆ ಮಗುವಿಗೆ ಒತ್ತುತ್ತದೆ ಅನ್ನಿಸಿದರೂ ದಾರ ಎತ್ತಿಕೊಡುತ್ತಿದ್ದೆ. ಕಾಫಿ ಕಾರ್ಖಾನೆಯ ಕೂಗು ಆದರೆ ಮೂವರೂ ಬೀದಿಯ ತುದಿಗೆ ತಿರುಗುವೆವು, ಅದಾದ ಸ್ವಲ್ಪ ಹೊತ್ತಿಗೇ ಅಂಚೆ. ಒಂದು ಸಲ ಖಾಲಾ ನನ್ನ ಕಡೆ ತಿರುಗದೆ, "ನಿಕಾಹ್ ಒಂದು ಕಣ್ಣಿಂದ ನೋಡ್ಬುಟ್ರೆ ಸಾಕು" ಅಂದರು. ಅವರು ಬೇರೇನನ್ನೂ ಬೇಡಿದ್ದು ನಾನು ಕೇಳಲಿಲ್ಲ.

ಕಾರ್ಡು ಬಂದ ದಿನ ಖಾಲಾನೇ ಎದ್ದು ಹೋಗಿ ಅಂಚೆಯವನ ಕೈಯಿಂದ ಇಸಿದುಕೊಂಡರು. ಅವರಿಗೆ ಕನ್ನಡ ಓದಲು ಬರದು. ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು, ಹತ್ತಿಯಲ್ಲಿ ಗಂಟು ಹುಡುಕುವಂತೆ ಒಂದೊಂದು ಮೂಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ನಾಕೂ ಅವೆ!" ಎಂದು ಕೂಗಿದರು. "ನಾಕೂ ಮೂಲೆ ಸರ್ಯಾಗವೆ ಕಣ್ ಬೇಟಿ! ಯಾ ಅಲ್ಲಾ…"

ಅತ್ತೆಯೂ ಎದ್ದು ಬಂದು ಕಾರ್ಡನ್ನು ತಿರುಗಿಸಿ ನೋಡಿ ಕಣ್ಣೊರೆಸಿಕೊಂಡರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಗುತ್ತಿದ್ದರು. ತಿಂಗಳಿಂದ ನಾನು ಕಾಣದಿದ್ದ ನಗು ಖಾಲಾನ ಮುಖದ ಮೇಲಿತ್ತು. ಹಾಗೆ ನಗುತ್ತಲೇ ಕಾರ್ಡನ್ನು ನನಗೆ ಕೊಟ್ಟರು, ಓದುವುದು ಶಾಸ್ತ್ರಕ್ಕೆ ಎಂಬಂತೆ.

ನಾಲ್ಕೇ ಸಾಲು ಇತ್ತು. "ಹಿಂದಿನ ಕಾರ್ಡಿನಲ್ಲೇ ತಿಳಿಸಿದ್ದೆ, ಗಂಟು ಒಳ್ಳೆಯದಲ್ಲ, ಆ ಕಡೆಯ ಎದೆಯನ್ನು ತೆಗೆಯಬೇಕಾಗುತ್ತದೆ, ತಡ ಮಾಡದೆ ಹೊರಟು ಬರುವುದು."

ಸುಳ್ಳು ಓದಿಬಿಡೋಣ ಅನ್ನಿಸಿತು. ಒಂದು ದಿನದ ಮಟ್ಟಿಗೆ, ಸಾಯಂಕಾಲದವರೆಗಾದರೂ. ಅಷ್ಟು ಹೊತ್ತು ಆ ನಗು ಇರಲಿ ಅನ್ನಿಸಿತು. ಆದರೆ ಆಗಲೇ ಒಂದು ಕಾರ್ಡು ಕರುಣೆಯಿಂದಲೇ ಒಲೆ ಸೇರಿತ್ತು. ನನ್ನ ಹೊಟ್ಟೆಯೊಳಗೆ ಕೂಸು ಒದೆಯಿತು. "ಖಾಲಾ, ನಾಳೇನೇ ಮೈಸೂರಿಗೆ ಹೋಗಬೇಕು" ಎಂದು ಹೇಳಿ ನಾಲ್ಕು ಸಾಲನ್ನೂ ಇದ್ದಂತೆ ಓದಿದೆ. ಅವರ ಮುಖದಿಂದ ನಗು ಒಂದೇ ಸಲಕ್ಕೆ ಹೋಗಲಿಲ್ಲ, ತುಟಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಅದನ್ನು ನೋಡಿದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

"ಇನ್ನೊಂದ್ ಸಲ ಓದು," ಅಂದರು. ಓದಿದೆ. ಮತ್ತೆ ಓದಿಸಿದರು. ಮೂರನೆಯ ಸಲವಾದ ಮೇಲೆ ಜಗುಲಿಗೆ ಹೋಗಿ ಕೂತು ಸೂಜಿಗೆ ದಾರ ಪೋಣಿಸಿದರು.

"ಇನ್ನೊಂದು ಗೇಣು ಉಳ್ದದೆ. ಮುಗ್ಸೇ ಓಯ್ತೀನಿ."

ಮಧ್ಯಾಹ್ನದ ಹೊತ್ತಿಗೆ ಮುಗಿಸಿ, ಅಂಗೈ ಆಡಿಸಿ ನೋಡಿ, ಮಡಿಸಿ ನನ್ನ ತೊಡೆಯ ಮೇಲಿಟ್ಟರು. ಸಂಜೆ ಗಂಡನಿಗೆ ತಾವೇ ಹೇಳಿದರು. ಆತ ಬೈಯಲಿಲ್ಲ, ಹೆಂಡತಿ ಗೇಲಿ ಮಾಡುತ್ತಿದ್ದ ಆ ಬಡಪಾಯಿ ರಾತ್ರಿಯೇ ಗಾಡಿ ಗೊತ್ತು ಮಾಡಿದರು. ಆಪರೇಷನ್ ಆಯಿತು. ನಾವು ಹೆದರಿದಂತೆ ಸಂಬಂಧವೇನೂ ಮುರಿಯಲಿಲ್ಲ. ಖಾಲಾ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಕಾಹ್ ನೋಡಿದರು, ಎರಡೂ ಕಣ್ಣಿಂದ. ಎರಡು ವರ್ಷ ಬದುಕಿದ್ದರು. ಕಾರ್ಡು ಸುಟ್ಟು ಹಾಳಾದ ಆ ಹದಿನೈದು ದಿನದ ಬಗ್ಗೆ ನಾನು ಡಾಕ್ಟರಮ್ಮನನ್ನು ಕೇಳಿದ್ದೆ. ಅಷ್ಟರಲ್ಲಿ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದರು. ನಂಬಿದೆ, ಪೂರ್ತಿ ನಂಬಲಿಲ್ಲ. ಅತ್ತೆ ಸುತರಾಂ ನಂಬಲಿಲ್ಲ. ಅಲ್ಲಿಂದಾಚೆಗೆ ಮನೆಗೆ ಬಂದ ಒಂದು ಚೂರು ಕಾಗದವನ್ನೂ ಅವರು ಬಿಸಾಡಲು ಬಿಡಲಿಲ್ಲ, ಎಲ್ಲವನ್ನೂ ತಂತಿಗೆ ಚುಚ್ಚಿ ಇಡುತ್ತಿದ್ದರು.

ಖಾಲಾ ಹೋದಾಗ ನಾನು ಎರಡನೆಯ ಹೆರಿಗೆಗೆ ಭೇರ್ಯದಲ್ಲಿದ್ದೆ. ಯಜಮಾನರು ಯಾರ ಕೈಲೋ ಬರೆಸಿದ ಕಾರ್ಡು ಬಂತು. ಮೂಲೆ ಹರಿಯಬೇಡ ಎಂದು ಅತ್ತೆ ಹಟ ಹಿಡಿದರಂತೆ. ಹಾಗಾಗಿ ನಾಲ್ಕೂ ಮೂಲೆ ನೆಟ್ಟಗಿದ್ದ ಆ ಕಾರ್ಡನ್ನು ನಾನು ಏನೂ ಗೊತ್ತಿಲ್ಲದೆ, ಕೂಸಿಗೆ ಹಾಲು ಕುಡಿಸುತ್ತ ಓದಿದೆ… ಅಂಥ ಕಾರ್ಡನ್ನು ಮನೆಯಲ್ಲಿಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡಿದ್ದೇನೆ, ಇದೇ ರಜಾಯಿಯ ಮಡಿಕೆಯಲ್ಲಿ.

ಹತ್ತಿ ಈಗ ಗಂಟುಗಟ್ಟಿದೆ, ಬಿಚ್ಚಿ ಹಿಂಜಿಸಿ ಹೊಸದಾಗಿ ಹೊಲಿಸೋಣ ಎನ್ನುತ್ತಾಳೆ ಮೊಮ್ಮಗಳು. ಬೇಡ ಎಂದೆ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಕೈ ಹಿಡಿದು ರಜಾಯಿಯ ಮೇಲೆ ಮೇಲಿಂದ ಕೆಳಗೆ ಆಡಿಸಿದೆ. ಮೊದಲು ಬೆರಳಗಲದ ಸಾಲು. ಆಮೇಲೆ ಒತ್ತೊತ್ತಾಗಿ, ಉಸಿರಾಡಲೂ ಜಾಗವಿಲ್ಲದ ಹಾಗೆ ಆ ಇಪ್ಪತ್ತೆಂಟು ದಿನ. ಕೊನೆಯ ಒಂದು ಗೇಣು ಮಾತ್ರ ಮತ್ತೆ ಬೆರಳಗಲ, ನೆಟ್ಟಗೆ, ಒಂದು ಎಳೆಯೂ ಆಚೀಚೆ ಇಲ್ಲ. ಅದು ಕಾರ್ಡು ಓದಿ ಮುಗಿಸಿದ ಮೇಲೆ ಹೊಲಿದದ್ದು.